ಕಿವಿ ಕಚ್ಚಿಸಿಕೊಂಡ ಬಸವಣ್ಣ

ಹೊಗಳಿಕೆಗೆ ಹಸಿದು ಕೂತವನಿಗೆ ತುರ್ತಿನ ಕೆಲಸ ಹೇಳಬಾರದು. ಹೇಳಿದರೆ ಚೆನ್ನಾಗಿಯೇ ಮಾಡುತ್ತಾನೆ, ಆದರೆ ಮುಗಿಸುವುದಿಲ್ಲ. ಇದನ್ನು ಇನ್ನೊಬ್ಬರ ಮೇಲೆ ಹೇಳುತ್ತಿಲ್ಲ, ನನ್ನ ಮೇಲೆಯೇ ಹೇಳಿಕೊಳ್ಳುತ್ತಿದ್ದೇನೆ. ನಾನು ಚಾಮರಾಜನಗರದ ಒಂದು ಮಿಡ್ಲ್ ಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಈ ಹುದ್ದೆಯ ಮರ್ಯಾದೆ ಎಷ್ಟೆಂದು ಸ್ಕೂಲಿಗೆ ಹೋದವರಿಗೆಲ್ಲ ಗೊತ್ತಿರುತ್ತದೆ. ಲೆಕ್ಕದ ಮೇಷ್ಟ್ರಿಗೆ ಪಾಠ ಮುಗಿಯದಿದ್ದರೆ ನನ್ನ ಪೀರಿಯಡ್ಡು ತೆಗೆದುಕೊಳ್ಳುತ್ತಾರೆ. ಚರಿತ್ರೆಯ ಮೇಷ್ಟ್ರಿಗೆ ಒಂದು ಯುದ್ಧ ಉಳಿದುಹೋದರೆ ಅದನ್ನೂ ನನ್ನ ಪೀರಿಯಡ್ಡಿನಲ್ಲೇ ಹೂಡುತ್ತಾರೆ. ಯಾರಿಗೂ ಏನೂ ಉಳಿದಿಲ್ಲವೆಂದರೆ ಹುಡುಗರನ್ನು ಮೈದಾನದ ಕಲ್ಲು ಆರಿಸಲು ಕಳಿಸುತ್ತಾರೆ, ಅದೂ ನನ್ನ ಪೀರಿಯಡ್ಡಿನಲ್ಲೇ. ಇನ್ನು ಊರಿನವರು ನನ್ನ ಕಲೆಯನ್ನು ಬಳಸಿಕೊಳ್ಳುವುದು ಟ್ರಂಕಿನ ಮೇಲೆ ಹೆಸರು ಬರೆಸುವುದಕ್ಕೆ. ಮದುವೆಯಾದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಡುವ ಮುಂಚೆ ಹೊಸ ಟ್ರಂಕು ನನ್ನ ಮನೆಗೆ ಬರುತ್ತದೆ. ಹೆಸರು ಬರೆದ ಮೇಲೆ ತಂದೆ ತಲೆ ಓರೆ ಮಾಡಿ ನೋಡಿ, "ಜಾಗ ಮಿಕ್ಕದಲ್ಲ, ಒಂದು ರೋಜಾ ಹೂವ ಬರ್ದ್ಬುಡಿ ಮೇಷ್ಟ್ರೇ" ಎನ್ನುತ್ತಾರೆ. ಹೀಗೆ ಬರೆದ ನನ್ನ ಹೂಗಳು ಸುತ್ತಮುತ್ತಲ ಹಳ್ಳಿಗಳ ಮಂಚದ ಕೆಳಗೆಲ್ಲ ಅರಳಿಕೊಂಡಿವೆ. ನಾನು ಮನಸ್ಸಿಟ್ಟು ಬರೆದ ನೀರುಬಣ್ಣದ ಚಿತ್ರಗಳು ಮಾತ್ರ ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಸಿಕೊಂಡು ಅಟ್ಟದ ಮೇಲಿವೆ. ಅದರಲ್ಲೂ ಬಿಳಿಗಿರಿ ಬೆಟ್ಟದ ಮುಂಜಾವಿನ ಒಂದು ಚಿತ್ರ ಗಂಟಿನಲ್ಲಿರದೆ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಬಿಗಿಸಿಕೊಂಡಿದ್ದನ್ನು ನಾನೇ ಕಣ್ಣಾರೆ ಕಂಡೆ. ಕೇಳಿದ್ದಕ್ಕೆ ನನ್ನ ಹೆಂಡತಿ ಗೌರಮ್ಮ, "ಗಟ್ಟಿ ಕಾಗದ, ಇರುವೆ ನುಗ್ಗಲ್ಲ" ಎಂದು ಹೊಗಳಿದಳು.

ಇಂಥ ಗೌರಮ್ಮ, ಎರಡು ವರ್ಷದ ಕೆಳಗೆ ಒಂದು ದಿನ, ಮೊರದಲ್ಲಿ ರಾಗಿ ಕೇರುತ್ತಿದ್ದವಳು ತಲೆಯೆತ್ತದೆ, "ಇವ್ರೇ, ಬಸವಣ್ಣಂದೊಂದು ಚಿತ್ರ ಬರ್ದ್ಕೊಟ್ಟೀರಾ?" ಎಂದಳು. ಕುಡಿಯುತ್ತಿದ್ದ ಕಾಫಿ ನನ್ನ ನೆತ್ತಿಗೇರಿತು. ಮದುವೆಯಾಗಿ ಏಳು ವರ್ಷವಾಗಿತ್ತು. ಸೀಮೆಣ್ಣೆ ಕೇಳಿದ್ದಾಳೆ, ಗೋಣಿಚೀಲ ಕೇಳಿದ್ದಾಳೆ, ಬಚ್ಚಲ ಹಂಡೆಗೆ ತಳ ಹಾಕಿಸಿಕೊಡಿ ಎಂದು ವರ್ಷಗಟ್ಟಲೆ ಕೇಳಿದ್ದಾಳೆ. ಚಿತ್ರ ಕೇಳಿದ್ದು ಅದೇ ಮೊದಲು. ನಾನು ಲೋಟ ಕೆಳಗಿಟ್ಟು, "ಯಾವ ಬಸವಣ್ಣ?" ಎಂದೆ. ಅವಳು ಮೂಲೆಯ ಕಡೆ ಗಲ್ಲ ತೋರಿಸಿದಳು.

ಮೂಲೆಯಲ್ಲಿದ್ದದ್ದು ಮಕ್ಕಳ ಆಟದ ಸಾಮಾನು. ಮೊಳದುದ್ದದ ಮರದ ಬಸವ. ಕಾಲಡಿಗೆ ಒಂದು ಹಲಗೆ, ಹಲಗೆಗೆ ನಾಲ್ಕು ಗಾಲಿ, ಬಾಲದ ಕಡೆ ಎಳೆಮಕ್ಕಳು ಹಿಡಿದು ತಳ್ಳಿಕೊಂಡು ಹೋಗಲು ಒಂದು ಅಡ್ಡಹಿಡಿ. ಗೌರಮ್ಮನ ಮುತ್ತಜ್ಜ ಭೀಮನಬೀಡಿನಲ್ಲಿದ್ದಾಗ ಪುಣಜನೂರಿನ ಕಡೆಯಿಂದ ಹೊನ್ನೆಯ ಮರ ತರಿಸಿ ಬಡಗಿಯಿಂದ ಮಾಡಿಸಿದ್ದಂತೆ. ಒಂದು ಕಾಲದಲ್ಲಿ ಬಿಳಿ ಬಣ್ಣ, ಬೆನ್ನಿನ ಮೇಲೆ ಕೆಂಪು ಜೂಲು, ಕೊರಳಲ್ಲಿ ಗೆಜ್ಜೆ ಇತ್ತಂತೆ. ನಾನು ಕಾಣುವ ಹೊತ್ತಿಗೆ ಜೂಲು ಎಲ್ಲಿ ಮುಗಿಯುತ್ತದೆ, ಮರ ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಾಗಿತ್ತು. ಬಲಗೊಂಬು ಅರ್ಧ ಮುರಿದಿತ್ತು. ಎಡಗಿವಿಯ ಕಥೆಯೇ ಬೇರೆ. ಹಲ್ಲು ಬರುವಾಗ ವಸಡು ನವೆಯುತ್ತದಲ್ಲ, ಆಗ ಆ ಮನೆತನದ ಪ್ರತಿಯೊಂದು ಮಗುವೂ ಅದೇ ಕಿವಿಯನ್ನು ಕಚ್ಚಿತ್ತು. ಕಿವಿಯ ಅಂಚೆಲ್ಲ ಸಣ್ಣ ಸಣ್ಣ ಹಲ್ಲಿನ ಗುರುತು. ಗೌರಮ್ಮ ಬೆರಳಿಟ್ಟು, "ಇದು ನಂದು, ಇದು ನಮ್ಮ ನಾಗಿದು, ಇವೆರಡು ನಮ್ಮ ಪುಟ್ಟಿವು" ಎಂದು ತೋರಿಸುತ್ತಿದ್ದಳು. ನಾಗಿ ಎಂದರೆ ಅವಳ ತಂಗಿ ನಾಗಮ್ಮ, ಗುಂಡ್ಲುಪೇಟೆಗೆ ಕೊಟ್ಟಿದ್ದಾರೆ. ಪುಟ್ಟಿ ನಮ್ಮ ಮಗಳು, ಆಗ ಅವಳಿಗೆ ಮೂರು ವರ್ಷ.

ಈ ಬಸವಣ್ಣನಿಗೆ ಸ್ವಂತ ಮನೆಯೆಂಬುದಿಲ್ಲ. ಭೀಮನಬೀಡಿನ ಹೆಣ್ಣುಮಕ್ಕಳು ಎಲ್ಲೆಲ್ಲಿ ಸೇರಿದ್ದಾರೋ ಅಲ್ಲಿ ಯಾರ ಮಗು ಹೆಜ್ಜೆ ಇಡುವ ಹೊತ್ತಾಯಿತೋ ಅವರ ಮನೆಗೆ ಇದು ಹೋಗಬೇಕು. ಮಗು ತನ್ನ ಮೊದಲ ಹೆಜ್ಜೆಯನ್ನು ಇದರ ಹಿಡಿ ಹಿಡಿದೇ ಇಡಬೇಕು. ಅದಕ್ಕಿಂತ ಕಟ್ಟುನಿಟ್ಟಿನದು ಇನ್ನೊಂದಿದೆ. ಬಸವಣ್ಣನನ್ನು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ಯಾರ ಮನೆಯಲ್ಲಿದೆಯೋ ಆ ಮನೆಯ ಗಂಡಸು ತಾನಾಗಿ ಹೊತ್ತು ತಂದು ಒಪ್ಪಿಸಬೇಕು. ಕೇಳಿ ತರಿಸಿಕೊಂಡರೆ ತವರಿನವರು ಮಗಳನ್ನು ಮರೆತಿದ್ದರು ಎಂದು ಅವಳೇ ಡಂಗುರ ಹೊಡೆದ ಹಾಗೆ. ಮಗು ಬಸವಣ್ಣನಿಲ್ಲದೆ ನಡೆದುಬಿಟ್ಟರಂತೂ ಆ ಮಾತನ್ನು ಅತ್ತೆಮನೆಯವರು ಸಾಯುವವರೆಗೂ ಆಡಬಹುದು. ನಾಗಮ್ಮನ ಗಂಡುಮಗುವಿಗೆ ಆಗ ಹತ್ತು ತಿಂಗಳು. ಹಾಗಾಗಿ ಬಸವಣ್ಣ ನಮ್ಮ ಮನೆಯಿಂದ ಹೊರಡಬೇಕಿತ್ತು. "ಇನ್ನು ಯಾವಾಗ ಬತ್ತದೋ ಏನೋ. ನಮ್ಮ ಪುಟ್ಟಿ ಇದ ಹಿಡ್ಕಂಡೇ ಅಲ್ವಾ ಹೊಸ್ಲು ದಾಟಿದ್ದು" ಎಂದಳು ಗೌರಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ಒಂದು ಭಾನುವಾರ ಸಾಕು, ಬರೆದು ಕೈಗೆ ಕೊಡುತ್ತೇನೆ. ಮಾರನೆಯ ದಿನವೇ ಗುಂಡ್ಲುಪೇಟೆಗೆ ತಲುಪಿಸಿಬಿಡೋಣ" ಎಂದು ಮಾತು ಕೊಟ್ಟೆ.

ನೀರುಬಣ್ಣದ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಇದರಲ್ಲಿ ಬಿಳಿಯನ್ನು ಬಳಿಯುವಂತಿಲ್ಲ, ಕಾಗದವನ್ನೇ ಬಿಡಬೇಕು. ಬಳಿದದ್ದನ್ನು ಅಳಿಸುವಂತಿಲ್ಲ. ಒಣಗುವ ಮುಂಚೆ ಮುಟ್ಟಿದರೆ ಹರಡುತ್ತದೆ, ಒಣಗಿದ ಮೇಲೆ ಮುಟ್ಟಿದರೆ ಕೊಳೆಯಾಗುತ್ತದೆ. ಸರಿಯಾದ ಹೊತ್ತಿನಲ್ಲಿ ಮುಟ್ಟಬೇಕು, ಆ ಹೊತ್ತು ಬಂದಾಗ ಸಾಮಾನ್ಯವಾಗಿ ಬಾಗಿಲಲ್ಲಿ ಯಾರೋ ಟ್ರಂಕು ಹೊತ್ತು ನಿಂತಿರುತ್ತಾರೆ. ನಮ್ಮ ಮನೆಯಲ್ಲಿ ಬಿಸಿಲು ನಡುಮನೆಗೆ ಬರುವುದು ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಮಾತ್ರ. ವಾರದ ದಿನಗಳಲ್ಲಿ ಆ ಹೊತ್ತಿಗೆ ನಾನು ಸ್ಕೂಲಿಗೆ ಹೊರಡುವ ಗಡಿಬಿಡಿಯಲ್ಲಿರುತ್ತೇನೆ. ಉಳಿದದ್ದು ಭಾನುವಾರದ ಒಂದು ಗಂಟೆ. ಮೊದಲ ಭಾನುವಾರ ಪೆನ್ಸಿಲಿನಲ್ಲಿ ಬರೆದುಕೊಂಡೆ. ಎರಡನೆಯ ಭಾನುವಾರ ಕೂತು ನೋಡಿದರೆ ಬಸವಣ್ಣ ನನಗೆ ಬೆನ್ನು ತಿರುಗಿಸಿದ್ದ. ಗೌರಮ್ಮ ಕಸ ಗುಡಿಸಿ ಮತ್ತೆ ಇಡುವಾಗ ತಿರುಗಿಸಿ ಇಟ್ಟಿದ್ದಳು. ಅವನನ್ನು ಮೊದಲಿನ ಹಾಗೆ ಕೂರಿಸುವಷ್ಟರಲ್ಲಿ ಬಿಸಿಲು ಅಂಗಳಕ್ಕಿಳಿದಿತ್ತು. ಅಂದು ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗಾಲಿಗೂ ಗುರುತು ಹಾಕಿ, ಇಲ್ಲಿ ಯಾರೂ ಗುಡಿಸಕೂಡದು ಎಂದು ಆಜ್ಞೆ ಮಾಡಿದೆ. ಮೂರನೆಯ ಭಾನುವಾರ ಕೊಂಬಿನ ಜಗಳವಾಯಿತು. "ಮುರ್ದಿರ ಕೊಂಬ ಯಾಕ್ ಬರೀತೀರಿ? ನಿಮ್ಮ ಕೈಲೇ ಅದಲ್ಲ, ಎರಡೂ ನೆಟ್ಟಗೆ ಬರ್ದ್ಬುಡಿ" ಎಂದಳು ಗೌರಮ್ಮ. ಕಲೆಗೆ ಸತ್ಯ ಎಷ್ಟು ಮುಖ್ಯವೆಂದು ನಾನು ಅವಳಿಗೆ ಅರ್ಧ ಗಂಟೆ ವಿವರಿಸಿದೆ. ನನ್ನ ಪೀರಿಯಡ್ಡನ್ನು ಯಾರೂ ಕಿತ್ತುಕೊಳ್ಳದೆ ಪೂರ್ತಿ ಪಾಠ ಮಾಡಿದ್ದು ಆ ವರ್ಷ ಅದೊಂದೇ ಸಲ. ಅಷ್ಟರಲ್ಲಿ ಕುಂಚ ಒಣಗಿತ್ತು.

ಆಮೇಲೆ ಕಿವಿ. ಈ ಕಿವಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ಬಣ್ಣ ಹೋಗಿ, ಮರ ಕಂಡು, ಮರವೂ ಮಕ್ಕಳ ಜೊಲ್ಲಿನಲ್ಲಿ ನೆನೆದು ನೆನೆದು ಒಂದು ಥರ ಜೇನುತುಪ್ಪದ ಬಣ್ಣಕ್ಕೆ ತಿರುಗಿತ್ತು. ಅದು ನನ್ನ ಬಣ್ಣದ ಪೆಟ್ಟಿಗೆಯಲ್ಲಿರಲಿಲ್ಲ. ಕಾವಿಗೆ ಹಳದಿ ಬೆರೆಸಿದರೆ ಹೊಸ ಮಡಕೆ, ಕಂದು ಬೆರೆಸಿದರೆ ಹಳೆಯ ಜೋಡು. ಕಿವಿಯೊಂದನ್ನೇ ಬೇರೆ ಹಾಳೆಯ ಮೇಲೆ ಬರೆದು ಪರೀಕ್ಷೆ ಮಾಡುತ್ತಿದ್ದಾಗ ಪುಟ್ಟಿ ಬಂದು, "ಅಪ್ಪಾ, ಇದು ಯಾರ ಚಪ್ಲಿ?" ಎಂದು ಕೇಳಿದಳು. ಹಾಳೆ ಹರಿದು ಮತ್ತೆ ಶುರುಮಾಡಿದೆ. ಹಲ್ಲಿನ ಗುರುತುಗಳನ್ನು ಒಂದೊಂದಾಗಿ, ಇದು ಗೌರಿಯದು, ಇದು ನಾಗಿಯದು, ಇವು ಪುಟ್ಟಿಯವು ಎಂದುಕೊಳ್ಳುತ್ತಾ ನೆರಳು ಕೊಟ್ಟೆ. ಎರಡು ಭಾನುವಾರ ಕಿವಿಗೇ ಹೋಯಿತು. ಸಂತೋಷವಾಗಿದ್ದೆ, ಇದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಒಬ್ಬರು ನನ್ನ ಚಿತ್ರಕ್ಕೆ ಕಾದಿದ್ದಾರೆ ಎಂಬ ಸುಖವನ್ನು ಅಷ್ಟು ಬೇಗ ಮುಗಿಸಲು ನನಗೆ ಮನಸ್ಸಿರಲಿಲ್ಲ.

ಈ ನಡುವೆ ಗುಂಡ್ಲುಪೇಟೆಯಿಂದ ಕಾರ್ಡುಗಳು ಬರುತ್ತಿದ್ದವು. ಬರೆಯುತ್ತಿದ್ದವನು ನಾಗಮ್ಮನ ಗಂಡ, ನನ್ನ ಷಡ್ಡಕ ಪುಟ್ಟಮಾದಪ್ಪ. ಬೆಲ್ಲದ ವ್ಯಾಪಾರ, ಮಿತಭಾಷಿ. ಮೊದಲ ಕಾರ್ಡು: "ಎಲ್ಲರೂ ಕ್ಷೇಮ. ಮಗು ಗೋಡೆ ಹಿಡಿದು ನಿಲ್ಲುತ್ತಾನೆ. ಬಸ್ಸುಗಳು ಸರಿಯಾಗಿ ಓಡುತ್ತಿವೆ." ಬಸ್ಸುಗಳು ಓಡುತ್ತಿರುವುದನ್ನು ಈತ ಯಾಕೆ ಬರೆದ ಎಂದು ನನಗೆ ಹೊಳೆಯಲಿಲ್ಲ. ಎರಡನೆಯದು: "ಮಗು ಗೋಡೆ ಬಿಟ್ಟು ನಿಲ್ಲುತ್ತಾನೆ. ತೆರಕಣಾಂಬಿ ಮೇಲೆ ಬರುವ ರಸ್ತೆ ಈಗ ಚೆನ್ನಾಗಿದೆ." ನಾನು ಸಂತೋಷವೆಂದು ಉತ್ತರ ಬರೆದೆ. ಗೌರಮ್ಮ ಎರಡನ್ನೂ ಓದಿಸಿ ಕೇಳಿ, "ಹೊರಡನ ನಡೀರಿ" ಎಂದಳು. "ಬರೀ ಕಿವಿ ಬಾಕಿ" ಎಂದೆ. ಮೂರನೆಯ ಕಾರ್ಡು ಹೀಗಿತ್ತು: "ಮಗು ಆರೋಗ್ಯ. ನನಗೆ ಸೊಂಟನೋವು. ನಾಗಮ್ಮನಿಗೂ ಸೊಂಟನೋವು. ತಾಯಿಯವರಿಗೂ ಸೊಂಟನೋವು. ಭೀಮನಬೀಡಿನಿಂದ ಅತ್ತೆಯವರನ್ನು ಕರೆಸಿದ್ದೇವೆ. ನಿನ್ನೆಯಿಂದ ಅವರಿಗೂ ಸೊಂಟನೋವು." ನನಗೆ ನಿಜವಾಗಿ ಕನಿಕರವಾಯಿತು. ಆ ಊರಿನ ಮೇಲೆ ಬೆಟ್ಟದ ಶೀತಗಾಳಿ ನೇರವಾಗಿ ಬೀಸುತ್ತದೆ, ಎಲ್ಲರೂ ನೀಲಗಿರಿ ಎಣ್ಣೆ ಹಚ್ಚಿಕೊಂಡು ಬಿಸಿನೀರು ಹಾಕಿಕೊಳ್ಳಿ ಎಂದು ಎರಡು ಬದಿ ತುಂಬ ಬರೆದು ಹಾಕಿದೆ. ಸಂಜೆ ಗೌರಮ್ಮನಿಗೆ ಹೇಳಿದರೆ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಒಂದು ಮನೇಲಿ ನಾಕ್ ಜನಕ್ಕೂ ಒಟ್ಟಿಗೇ ಸೊಂಟ ನೋಯ್ತದಾ? ನಿಮ್ಮ ಕಿವಿ ಅತ್ಲಾಗಿರ್ಲಿ, ಬರ ಭಾನುವಾರ ಮೊದಲ್ನೆ ಬಸ್ಸು" ಎಂದಳು. ಅವಳ ಕೈಯಲ್ಲಿದ್ದ ಸೌಟನ್ನು ನೋಡಿ ನಾನೂ ಒಪ್ಪಿದೆ.

ಭಾನುವಾರ ಬಸವಣ್ಣನಿಗೆ ಜಮಖಾನ ಸುತ್ತಿ ಮುಖ ಮಾತ್ರ ಹೊರಗೆ ಬಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೆ, ಪುಟ್ಟಿ ನಮ್ಮಿಬ್ಬರ ನಡುವೆ ಕೂತಳು. ಚಿತ್ರವನ್ನು ಬೋರ್ಡಿಗೆ ಹಾಕಿದ ಹಾಗೆಯೇ ಬಟ್ಟೆಯಲ್ಲಿ ಸುತ್ತಿ ಗೌರಮ್ಮನ ಕೈಗೆ ಕೊಟ್ಟೆ. ಹಿಂದಿನ ಗಾಲಿಯ ನೆರಳು ಇನ್ನೂ ಬಾಕಿಯಿತ್ತು, ಅಲ್ಲೇ ಮುಗಿಸಬಹುದು ಎಂದು ನೆಪ ಹೇಳಿದೆ. ನಾಲ್ಕು ಜನ ನೋಡಿ ಒಂದು ಮಾತು ಹೇಳಲಿ ಎಂಬುದೇ ನಿಜವಾದ ಆಸೆ. ಬಸ್ಸಿನ ಕಂಡಕ್ಟರು, "ಇದ ಮ್ಯಾಲಕ್ಕಾಕನ ಕೊಡಿ ಸಾಮಿ" ಎಂದು ಕೈಚಾಚಿದ. ಮುಂದಿನ ಸೀಟಿನ ಮುದುಕಿ ತಿರುಗಿ, "ಬಸವಣ್ಣನ ಮ್ಯಾಲಕ್ಕಾಕೀಯೇನ್ಲಾ? ನೀನು ಮ್ಯಾಲಕ್ಕೋಗಿ ಕೂತ್ಕೋ" ಎಂದು ಗದರಿಸಿ, ಮುರಿದ ಕೊಂಬನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತೆರಕಣಾಂಬಿ ದಾಟುವವರೆಗೂ ದಾರಿಯುದ್ದಕ್ಕೂ ಜನ ಮುಟ್ಟಿ ನಮಸ್ಕಾರ ಮಾಡಿದರು. ಚಿತ್ರವನ್ನು ಮಾತ್ರ ಯಾರೂ ಬಿಚ್ಚಿ ತೋರಿಸಿ ಎನ್ನಲಿಲ್ಲ.

ಗುಂಡ್ಲುಪೇಟೆಯಲ್ಲಿ ನಾವು ಬೀದಿ ತಿರುಗಿದಾಗ ಪುಟ್ಟಮಾದಪ್ಪ ಜಗಲಿಯ ಮೇಲೆ ನಿಂತು ಒಬ್ಬ ರೈತನ ಬೆಲ್ಲದ ಅಚ್ಚನ್ನು ಮುರಿದು ರುಚಿ ನೋಡುತ್ತಿದ್ದ. ಬೆಲ್ಲ ಒಂದು ಕೈಯಲ್ಲಿ, ಸೊಂಟದ ಮೇಲೆ ಮಗು. ಮಗುವೆಂದರೆ ಎಂಥದ್ದು, ಎರಡು ಅಚ್ಚು ಬೆಲ್ಲ ಕೂಡಿಸಿದಷ್ಟು ದಪ್ಪ. ನನ್ನ ತೋಳಿನಲ್ಲಿ ಬಸವಣ್ಣನ ಮೋರೆ ಕಂಡದ್ದೇ ತಡ, ಆ ಮಿತಭಾಷಿ, "ಅವ್ವಾ, ಬಂತು ಕಣವ್ವಾ, ಬಂತು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ರೈತ ಗಾಬರಿಯಾಗಿ ಬೆಲ್ಲ ವಾಪಸು ತೆಗೆದುಕೊಂಡ. ಒಳಗಿನಿಂದ ಪುಟ್ಟಮಾದಪ್ಪನ ತಾಯಿ ಮಲ್ಲಮ್ಮನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದರು. ಅವರ ಹಿಂದೆ ನಾಗಮ್ಮ, ಅವಳ ಕೈಯೂ ಸೊಂಟದ ಮೇಲೆ. ಅವಳ ಹಿಂದೆ ನಮ್ಮ ಅತ್ತೆ, ಬಾಗಿಕೊಂಡು. ನಾನು ಪಾಪವೆನಿಸಿ, "ಏನತ್ತೆ, ಎಣ್ಣೆ ಹಚ್ಚಿದಿರಾ?" ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಎಣ್ಣೆಯಾ? ಅಳಿಯಂದ್ರೇ, ಈ ಮಗ ನೆಲ ಮುಟ್ಟಿ ಇಪ್ಪತ್ತೆರಡು ದಿನ ಆಯ್ತು. ಗೋಡೆ ಬುಟ್ಟು ಒಂದ್ ಕಾಲ ಎತ್ತಿದ್ನಂತೆ, ಅದು ಕೆಳಕ್ಕಿಳಿಯಕ್ಮುಂಚೆ ನಾಗಿ ಎತ್ಕಂಡವ್ಳೆ. ಅವತ್ನಿಂದ ಕೆಳಗ್ ಬುಡಂಗಿಲ್ಲ. ಬುಟ್ರೆ ನಡ್ದ್ಬುಡ್ತಾನೆ. ನಡದ್ರೆ ಬಸವಣ್ಣ ಬಂದಿಲ್ಲ. ಕೇಳಣ ಅಂದ್ರೆ ಕೇಳಂಗಿಲ್ಲ. ಒಬ್ರು ಉಣ್ಣುವಾಗ ಒಬ್ರು ಹೊರೋದು, ಒಬ್ರು ಮೀಯುವಾಗ ಇನ್ನೊಬ್ರು ಹೊರೋದು. ಸೊಂಟ ಸಾಲ್ದು ಅಂತ ನನ್ನೂ ಕರಸ್ಕಂಡ್ರು. ನೀವು ಎಣ್ಣೆ ಅಂತೀರಿ!"

ಅವರು ಮಾತು ಮುಗಿಸುವಾಗಲೇ ಪುಟ್ಟಮಾದಪ್ಪ ಮಗುವನ್ನು ನೆಲ ಸೋಕದಂತೆ ತಾಯಿಯ ಕೈಗೆ ದಾಟಿಸಿದ, ಮಲ್ಲಮ್ಮನವರು ನಾಗಮ್ಮನಿಗೆ ದಾಟಿಸಿದರು. ಎಷ್ಟು ಅಭ್ಯಾಸವಾಗಿತ್ತೆಂದರೆ ಮಗು ಕಾಲು ಮಡಚಿಕೊಂಡೇ ಹೋಗುತ್ತಿತ್ತು. ನಾಗಮ್ಮ, "ನೀವು ಬತ್ತೀರಿ ಅಂತ ನಂಗೊತ್ತಿತ್ತು ಭಾವ. ನಮ್ಮ ತವರ ಮಾನ ಉಳೀತು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಆಗ ಆದ ನಾಚಿಕೆ ಅಷ್ಟಿಷ್ಟಲ್ಲ. ನಾನು ಒಂದು ಕಿವಿಗೆ ಬಣ್ಣ ಹುಡುಕುತ್ತಾ ಆನಂದದಲ್ಲಿದ್ದ ಆ ದಿನಗಳಲ್ಲೆಲ್ಲ ಇಲ್ಲಿ ನಾಲ್ಕು ಜನ ಒಬ್ಬಳ ಮಾನವನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದರು. ಗೌರಮ್ಮ ತಂಗಿಯ ಪಕ್ಕಕ್ಕೆ ಹೋಗಿ ನಿಂತಳು. ನನ್ನ ಕಡೆ ನೋಡಲೂ ಇಲ್ಲ. ಅದು ಇನ್ನೂ ಕಷ್ಟವಾಯಿತು.

ಬಸವಣ್ಣನನ್ನು ಒರೆಸಿ ವಿಭೂತಿ ಇಟ್ಟು ಹೂ ಮುಡಿಸಿದರು. ನಡುಮನೆಯಲ್ಲಿ ಎಲ್ಲರೂ ಸುತ್ತ ನಿಂತೆವು. ನಾಗಮ್ಮ ಮಗುವನ್ನು ಇಪ್ಪತ್ತೆರಡು ದಿನದ ಮೇಲೆ ಮೊದಲ ಸಲ ನೆಲಕ್ಕೆ ಇಳಿಸಿ, ಎರಡು ಕೈಯನ್ನೂ ಹಿಡಿಯ ಮೇಲೆ ಇಟ್ಟಳು. ಮಗು ಒಂದು ಗಳಿಗೆ ನಿಂತು, ನೆಲವನ್ನು ನೋಡಿ, ಇದೇನು ಅನ್ಯಾಯವೆಂಬಂತೆ ಕುಳಿತುಬಿಟ್ಟಿತು. ಎತ್ತಿ ನಿಲ್ಲಿಸಿದರು. ಮತ್ತೆ ಕುಳಿತು, ಎರಡು ಕೈಯೆತ್ತಿ ಎಲ್ಲರ ಸೊಂಟಗಳನ್ನೂ ಒಂದೊಂದಾಗಿ ನೋಡಿತು. ಪುಟ್ಟಮಾದಪ್ಪ ಗಾಲಿ ಕಿರುಗುಟ್ಟಿಸಿ ತೋರಿಸಿದ. ಅತ್ತೆ ಚಪ್ಪಾಳೆ ತಟ್ಟಿದರು. ಮಗು ಅಳಲು ಶುರುಮಾಡಿತು. ಮಲ್ಲಮ್ಮನವರು ಹಣೆ ಬಡಿದುಕೊಂಡು, "ಎತ್ಕಂಡೂ ಎತ್ಕಂಡೂ ಮಗಿಗೆ ನಡಿಯಾದೇ ಮರ್ತೋಗದ ಕಣ್ರಪ್ಪಾ. ಅಯ್ಯೋ ಸಿವನೆ, ಇನ್ನು ಮದುವೆ ಮಂಟಪಕ್ಕೂ ಎತ್ಕಂಡೇ ಓಗ್ಬೇಕಾಯ್ತದ!" ಎಂದರು. ನಾಗಮ್ಮನ ಮುಖ ಬಿಳಿಚಿಕೊಂಡಿತು. ಎಲ್ಲರೂ ಅಲ್ಲಲ್ಲೇ ಸುಮ್ಮನಾದರು.

ಇಂಥ ಹೊತ್ತಿನಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ. ನಾಲ್ಕು ಜನ ಒಂದು ಕಡೆ ಸೇರಿ ಸುಮ್ಮನಿರುವುದನ್ನು ಕಂಡರೆ ಕಲಾವಿದನಿಗೆ ಇದೇ ಸಮಯವೆನಿಸುತ್ತದೆ. ನಾನು ಮೆಲ್ಲಗೆ ಬಟ್ಟೆ ಬಿಚ್ಚಿ, ಬೋರ್ಡನ್ನು ಎದುರಿನ ಗೋಡೆಗೆ ಒರಗಿಸಿ, ಬೆಳಕು ಸರಿಯಾಗಿ ಬೀಳುವಂತೆ ಕೊಂಚ ತಿರುಗಿಸಿ, ಕೈಕಟ್ಟಿ ಪಕ್ಕದಲ್ಲಿ ನಿಂತೆ. ಗೌರಮ್ಮ ಕಣ್ಣಿನಲ್ಲೇ ನನ್ನನ್ನು ಸುಟ್ಟಳು. ಉಳಿದವರು ನೋಡಲೇ ಇಲ್ಲ. ಮಗು ನೋಡಿತು. ಅಳು ಅರ್ಧಕ್ಕೇ ನಿಂತಿತು. ಬಸವಣ್ಣನ ಹಿಡಿಯನ್ನು ಹಿಡಿದು ಎದ್ದಿತು. ಹಿಡಿ ಬಿಟ್ಟಿತು. ಒಂದು ಹೆಜ್ಜೆ. ಯಾರೋ "ಹಾ" ಎಂದರು. ಎರಡು. ಮೂರು, ಸ್ವಲ್ಪ ವಾಲಿ. ನಾಲ್ಕನೆಯ ಹೆಜ್ಜೆಗೆ ಬೋರ್ಡಿನ ಮೇಲೆ ಎರಡು ಕೈಯನ್ನೂ ಊರಿ, ಬಾಯಿ ಅಗಲಿಸಿ, ನಾನು ಎರಡು ಭಾನುವಾರ ಬೆವರು ಸುರಿಸಿದ್ದ ಎಡಗಿವಿಯನ್ನು ಕಚ್ಚಿತು.

ಕಾಗದದ ಚೂರನ್ನೂ ಕಾವಿಬಣ್ಣವನ್ನೂ ಮಗುವಿನ ಬಾಯಿಂದ ಗೌರಮ್ಮ ಬೆರಳು ಹಾಕಿ ತೆಗೆದಳು. ಆಮೇಲೆ ವಾದ ಹುಟ್ಟಿತು. ಹೆಜ್ಜೆ ಇಟ್ಟದ್ದು ನಿಜ, ಆದರೆ ಹಿಡಿ ಹಿಡಿದು ಇಡಲಿಲ್ಲವಲ್ಲ, ಇದು ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ಅತ್ತೆ ಮೆಲ್ಲಗೆ ಕೇಳಿದರು. ಎಲ್ಲರೂ ಮಲ್ಲಮ್ಮನವರ ಮುಖ ನೋಡಿದೆವು. ಹೇಳಬೇಕಾದವರು ಅವರೇ, ಆಡಿಕೊಳ್ಳಬೇಕೆಂದರೆ ಆಡಿಕೊಳ್ಳುವ ಹಕ್ಕೂ ಅವರದೇ. ಅವರು ಬೋರ್ಡನ್ನು ಎತ್ತಿ ನೋಡಿದರು, ಮರದ ಬಸವಣ್ಣನನ್ನು ನೋಡಿದರು. "ಬಸವಣ್ಣನ ಹಿಡ್ಕಂಡು ಎದ್ದ, ಬಸವಣ್ಣನ ತಾವ್ಕೇ ಓದ. ಇನ್ನೇನಾಗ್ಬೇಕು? ಸಕ್ಕರೆ ತಕ್ಕಂಬಾ ಓಗು ನಾಗಮ್ಮ" ಎಂದರು. ನಾಗಮ್ಮ ಒಳಗೆ ಓಡಿದಳು. ಪುಟ್ಟಮಾದಪ್ಪ ಸೊಂಟ ಹಿಡಿದುಕೊಂಡೇ ನಕ್ಕ. ಗೌರಮ್ಮ ಮಾತ್ರ ಚಿತ್ರವನ್ನು ಬಹಳ ಹೊತ್ತು ನೋಡುತ್ತಾ ಕುಳಿತಳು. ಎಡಗಿವಿಯ ಜಾಗದಲ್ಲಿ ಕಾಗದ ಕಿತ್ತುಹೋಗಿ, ಸುತ್ತ ಜೊಲ್ಲಿಗೆ ಬಣ್ಣ ಹರಡಿ, ಅಂಚಿನಲ್ಲಿ ಎರಡು ಸಣ್ಣ ಹಲ್ಲಿನ ಗುರುತು ಬಿದ್ದಿತ್ತು. "ಇನ್ನೊಂದು ಬರೆದುಕೊಡುತ್ತೇನೆ" ಎಂದೆ. "ಬ್ಯಾಡ. ಈಗ ನೋಡಿ, ಸರಿಯಾಗಿ ನಮ್ಮ ಬಸವಣ್ಣನಂಗೇ ಅದ" ಎಂದಳು. ಹೇಳಿ ನಕ್ಕಳು. ಬೆಳಗಿನಿಂದ ಅವಳು ನನ್ನ ಕಡೆ ನೋಡಿ ನಕ್ಕದ್ದು ಅದೇ ಮೊದಲು.

ಆ ಚಿತ್ರ ಈಗ ಕಟ್ಟು ಹಾಕಿಸಿಕೊಂಡು ನಮ್ಮ ನಡುಮನೆಯ ಗೋಡೆಯ ಮೇಲಿದೆ. ಟ್ರಂಕು ತರುವವರೆಲ್ಲ ನೋಡಿ, "ಇಲಿ ಕಚ್ತಾ ಮೇಷ್ಟ್ರೇ?" ಎಂದು ಕೇಳುತ್ತಾರೆ. ಅವರಿಗೆ ನಾನು ಕಥೆಯನ್ನೆಲ್ಲ ಹೇಳಿ, ನನ್ನ ಚಿತ್ರ ನೋಡಲು ತನ್ನ ಜೀವಮಾನದಲ್ಲಿ ಇಟ್ಟ ಮೊದಲ ಹೆಜ್ಜೆಗಳನ್ನೇ ಇಟ್ಟು ಬಂದ ರಸಿಕನೊಬ್ಬ ಗುಂಡ್ಲುಪೇಟೆಯಲ್ಲಿದ್ದಾನೆ, ಅಂಥ ಅಭಿಮಾನಿ ದೊಡ್ಡ ದೊಡ್ಡ ಚಿತ್ರಕಾರರಿಗೂ ಸಿಕ್ಕಿರಲಾರ ಎಂದು ಮುಗಿಸುತ್ತೇನೆ. ಹೊರಡುವಾಗ ನಾಗಮ್ಮ ಬಸ್ಸಿನ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ್ದನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. "ಚಿತ್ರ ಹಾಳಾಯ್ತು ಅಂತ ಬ್ಯಾಸರ ಮಾಡ್ಕಬ್ಯಾಡಿ ಭಾವ. ನಿಮ್ಮ ಗಡಿಬಿಡೀಲಿ ಅವ್ನಿಗೆ ರಾಗಿಸರಿ ತಿನ್ನಿಸೋದ್ನೇ ಮರ್ತಿದ್ದೋ. ಹಸ್ದಿದ್ದ, ಪಾಪ."